ಹಿಮದ ಗುಡಿಯ ಗಂಗಮ್ಮ

ನಮ್ಮ ಮತ್ತಿಗಿರಿಯ ಮಾಗಿ ಚಳಿಗೆ ಒಂದು ಮಫ್ಲರು, ಒಂದು ಲೋಟ ಬಿಸಿ ಟೀ ಸಾಕು. 1824ರಲ್ಲಿ ಶುರುವಾದ ದನದ ಫಾರಂ ಬಯಲಿಗೆ ಬೆಳಗಿನ ಮಂಜು ಇಳಿದರೆ ಮುಂದಿರುವ ಹಸು ಕಾಣುವುದಿಲ್ಲ, ಅಷ್ಟೆ. ಆ ಧೈರ್ಯದ ಮೇಲೇ ಫೆಬ್ರವರಿಯಲ್ಲಿ ಜಪಾನಿಗೆ ಹೊರಟಿದ್ದೆ.

ಸಪ್ಪೊರೊದ ಹಿಮದ ಹಬ್ಬ ನೋಡಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. 1950ರಲ್ಲಿ ಶಾಲೆಯ ಹುಡುಗರು ಪಾರ್ಕಿನಲ್ಲಿ ಮಾಡಿಟ್ಟ ಆರು ಹಿಮದ ಬೊಂಬೆಗಳಿಂದ ಬೆಳೆದ ದೊಡ್ಡ ಜಾತ್ರೆ ಅದು. ನನಗೆ ಆ ನೂಕುನುಗ್ಗಲು ಬೇಡವಾಗಿತ್ತು. ಕಿತಾಕಾಮಿಯಲ್ಲಿ ಬುಲೆಟ್ ರೈಲು ಇಳಿದು, ಬೆಟ್ಟ ದಾಟುವ ಪುಟ್ಟ ರೈಲು ಹಿಡಿದು ಅಕಿತಾ ಪ್ರಾಂತದ ಯೊಕೊತೆಗೆ ಹೋದೆ. ಸೈಬೀರಿಯಾದ ಗಾಳಿ ಜಪಾನ್ ಸಮುದ್ರದ ತೇವ ಹೀರಿಕೊಂಡು ಬಂದು ಈ ಬೆಟ್ಟಗಳಿಗೆ ಬಡಿದು ಸುರಿಸುವ ಹಿಮ ಆಳೆತ್ತರ ಬೀಳುತ್ತದೆ.

ಫೆಬ್ರವರಿ ನಡುವಿನ ಎರಡು ರಾತ್ರಿ ಅಲ್ಲಿ ಕಾಮಾಕುರಾ ಹಬ್ಬ. ಕಾಮಾಕುರಾ ಎಂದರೆ ಹಿಮವನ್ನು ರಾಶಿ ಹಾಕಿ, ತುಳಿದು ಗಟ್ಟಿ ಮಾಡಿ, ಕೆಲವು ದಿನ ಬಿಟ್ಟು ಒಳಗೆ ಕೊರೆದ ಗುಡಿಸಲು. ಎತ್ತರ ಸುಮಾರು ಮೂರು ಮೀಟರ್. ನಮ್ಮ ಕಡೆ ಹೊಲದಲ್ಲಿ ಒಟ್ಟುವ ಹುಲ್ಲಿನ ಬಣವೆಯೇ ಬೆಳ್ಳಗಾದಂತೆ. ಬಾಗಿಲಲ್ಲಿ ದಪ್ಪ ಅಂಗಿ ತೊಟ್ಟ ಮಕ್ಕಳು ಕೂಗುತ್ತಿದ್ದರು: 'ಹೈತ್ತೆ ತಾನ್ಸೆ, ಓಗಾಂದೆ ತಾನ್ಸೆ.' ಒಳಗೆ ಬನ್ನಿ, ಕೈ ಮುಗಿಯಿರಿ ಎಂದು. ಬೂಟು ಬಿಚ್ಚಿ, ತಲೆ ತಗ್ಗಿಸಿ ನುಗ್ಗಿದೆ. ಗಾಳಿ ತಟ್ಟನೆ ನಿಂತಿತು. ಕೆಂಡದ ಮೇಲೆ ಅಕ್ಕಿಯ ಮೋಚಿ ಉಬ್ಬುತ್ತಿತ್ತು. ಹುಡುಗಿಯೊಬ್ಬಳು ಅಮಾಜಾಕೆ ಕೊಟ್ಟಳು. ಬೂಷ್ಟು ಹತ್ತಿಸಿದ ಅಕ್ಕಿ ಸೇರಿಸಿ ಮಾಡುವ ಬಿಸಿ ಗಂಜಿ, ಸಕ್ಕರೆ ಹಾಕದೆಯೂ ಸಿಹಿ. ಬೂಷ್ಟೆಂದು ಮೊದಲೇ ತಿಳಿದಿದ್ದರೆ ಬಹುಶಃ ಎರಡನೇ ಲೋಟ ಕೇಳುತ್ತಿರಲಿಲ್ಲ.

1936ರಲ್ಲಿ ಇಲ್ಲಿಗೆ ಬಂದಿದ್ದ ಜರ್ಮನ್ ವಾಸ್ತುಶಿಲ್ಪಿ ಬ್ರೂನೊ ಟೌಟ್ ಈ ಹಬ್ಬವನ್ನು ಮೆಚ್ಚಿ ಬರೆದಿದ್ದಾನೆ. ಅವನ ಕಣ್ಣು ಅಂದದ ಮೇಲಿತ್ತೋ ಏನೋ. ನನ್ನ ಕಣ್ಣು ಹೋದದ್ದು ಹಿಂದಿನ ಗೋಡೆಯಲ್ಲಿ ಕೊರೆದ ಗೂಡಿನ ಕಡೆಗೆ: ದೀಪ, ಕಾಣಿಕೆ, ನಡುವೆ ಸುಯಿಜಿನ್. ನೀರಿನ ದೇವರು! ಆಳೆತ್ತರ ನೀರೇ ಹೆಪ್ಪುಗಟ್ಟಿ ಬಿದ್ದಿರುವ ಊರಿನಲ್ಲಿ ನೀರಿಗೆ ಹರಕೆಯೇ? ಹೌದಂತೆ. ಹಿಂದೆ ವರ್ತಕರ ಕೇರಿಯವರು ಒಳ್ಳೆಯ ಬಾವಿನೀರಿಗಾಗಿ ಬೇಡಿಕೊಳ್ಳುತ್ತಿದ್ದರಂತೆ.

ನಮ್ಮ ಹಿತ್ತಲಿನಲ್ಲಿ ಬೋರ್ ಕೊರೆಸಿದ ದಿನ ಅಮ್ಮ ಅರಿಶಿನ, ಕುಂಕುಮ, ತೆಂಗಿನಕಾಯಿ ಇಟ್ಟು ಗಂಗಮ್ಮನನ್ನು ಕರೆದಿದ್ದಳು. ಬೋರ್ ಲಾರಿಯಿಂದ ಸಂಜೆತನಕ ಹಾರಿದ್ದು ಬರೀ ಬಿಳಿ ಕಲ್ಲುಪುಡಿ. ಅದು ಅವಳ ತಲೆ, ಸೀರೆ, ತುಳಸಿಕಟ್ಟೆಯ ಮೇಲೆಲ್ಲ ಕೂತಿತ್ತು.

ಹಿಮದ ಗೂಡಿನ ಮುಂದೆ ಒಂದು ನಾಣ್ಯ ಇಟ್ಟೆ. ಹುಡುಗಿ ಮೋಚಿ ಮಗುಚಿದಳು.