ಕೇಶ್ವಾಪುರದ ಬಾಯಾರಿಕೆ

ಹುಬ್ಬಳ್ಳಿಯು ಎರಡು ಮಣ್ಣುಗಳ ಸಂಧಿಯಲ್ಲಿ ಕುಳಿತ ಊರು. ಪಡುವಣಕ್ಕೆ ಮಲೆನಾಡಿನ ಸೆರಗಿನ ಕೆಂಪು ನೆಲ. ಮೂಡಣಕ್ಕೆ ನವಲಗುಂದ-ಗದಗುಗಳತ್ತ ಹಬ್ಬಿದ ಎರೆಯ ಬಯಲು. ಚೈತ್ರದಿಂದ ಮೊದಲ ಮಳೆಯವರೆಗೆ ಹಗಲೆಲ್ಲ ಊರನ್ನಾಳುವದು ಆ ಎರೆಯ ಕಾವು; ಸಂಜೆಗೆ ಪಡುವಣ ಗಾಳಿಯು ಬಂದ ಮೇಲೆಯೇ ಜನರು ಅಂಗಳಕ್ಕೆ ಇಳಿಯುವರು. ರೇಲ್ವೆ ನಿಲ್ದಾಣದ ಬಡಗಣ ಮಗ್ಗುಲಿಗೆ ಬೆಳೆದ ನಮ್ಮ ಕೇಶ್ವಾಪುರಕ್ಕೆ ಈ ಕಾವಿನ ಪಾಲು ತುಸು ಹೆಚ್ಚೆಂದೇ ನನ್ನ ಭಾವನೆ. 2023ರ ಮಾರ್ಚ್ 12ರಂದು ಈ ನಿಲ್ದಾಣದಲ್ಲಿ 1507 ಮೀಟರು ಉದ್ದದ ಪ್ಲಾಟಫಾರ್ಮಿನ ಉದ್ಘಾಟನೆಯಾಯಿತು. ಜಗತ್ತಿನಲ್ಲಿಯೇ ಅದು ಉದ್ದವಾದದ್ದೆಂದು ಖ್ಯಾತಿ. ವೈಶಾಖದ ಹಗಲಿನಲ್ಲಿ ಗಂಟು ಹೊತ್ತುಕೊಂಡು ಅದರ ಈ ತುದಿಯಿಂದ ಆ ತುದಿಗೆ ನಡೆದವನಿಗೆ ಬಾಯಾರಿಕೆಯೆಂಬ ಶಬ್ದದ ಅರ್ಥವನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಕೇಶ್ವಾಪುರವು ರೇಲ್ವೆಯ ಆಸರೆಯಿಂದ ಬೆಳೆದದ್ದಾದುದರಿಂದ ಇಲ್ಲಿಯ ಓಣಿಗಳಲ್ಲಿ ಕನ್ನಡದೊಡನೆ ತೆಲುಗು, ತಮಿಳು, ಮರಾಠಿ, ಉರ್ದುಗಳು ಕಿವಿಗೆ ಬೀಳುವವು. ಕುಸುಗಲ್ಲಿನ ಹಾದಿಯು ಇಲ್ಲಿಂದಲೇ ಹೊರಡುವದು. ರಾಷ್ಟ್ರಧ್ವಜವನ್ನು ಹೊಲಿದು ನಾಡಿಗೆಲ್ಲ ಕಳಿಸಿಕೊಡುವ ಬೆಂಗೇರಿಯು ನಡೆದು ಹೋಗುವಷ್ಟು ಹತ್ತಿರ. ಇಷ್ಟೆಲ್ಲ ಭಾಷೆಗಳವರು ಕೂಡಿದ ಓಣಿಯಲ್ಲಿ ಎಲ್ಲರಿಗೂ ತಿಳಿಯುವ ಒಂದು ಶಬ್ದವುಂಟು. ಅದು ಗೋಲಿ ಸೋಡಾ ಒಡೆಯುವ ‘ಡಬ್’ ಎಂಬ ಶಬ್ದ.

ನಮ್ಮ ಓಣಿಯ ಮೂಲೆಯಲ್ಲಿರುವ ಸೋಡಾ ಅಂಗಡಿಯ ಯಜಮಾನನು ನನಗೆ ಮೂವತ್ತು ವರ್ಷದ ಪರಿಚಯದವನು. ದಪ್ಪ ಗಾಜಿನ ಬಾಟಲಿ, ಅದರ ಕೊರಳಲ್ಲಿ ಒಂದು ರಬ್ಬರಿನ ಉಂಗುರ, ಒಳಗೆ ಒಂದು ಗೋಲಿ. ನೀರು ತುಂಬಿ, ಅನಿಲವನ್ನು ಒತ್ತಿ, ಚಕ್ರವನ್ನು ತಿರುವಿ ಬಾಟಲಿಯನ್ನು ತಲೆಕೆಳಗು ಮಾಡಿದರೆ ಗೋಲಿಯು ಕೊರಳಿಗೆ ಇಳಿಯುವದು. ಒಳಗಿನ ಒತ್ತಡವು ಅದನ್ನು ಉಂಗುರಕ್ಕೆ ಅದುಮಿ ಹಿಡಿಯುವದು. ಒಳಗಿನ ಬಂದಿಯೇ ಬಾಗಿಲ ಕಾವಲುಗಾರನಾಗುವ ಈ ಯುಕ್ತಿಯನ್ನು 1872ರ ಸುಮಾರಿಗೆ ಕಂಡುಹಿಡಿದವನು ಹೈರಮ್ ಕಾಡ್ ಎಂಬ ಆಂಗ್ಲನು. ಅವನ ನಾಡಿನಲ್ಲಿ ಆ ಬಾಟಲಿಯು ಬಳಕೆ ತಪ್ಪಿ ಎಷ್ಟೋ ಕಾಲವಾಯಿತು. ನಮ್ಮ ಮೂಲೆಯಲ್ಲಿ ಇನ್ನೂ ಜೀವಂತವಾಗಿದೆ. “ಮಾಸ್ತರ್ರೀ, ಬಾಟ್ಲಿ ಒಡದ್ರ ಹೊಸಾವು ಸಿಗೂದು ಕಷ್ಟ ಆಗೇತ್ರಿ” ಎಂದು ಆತನು ಆಗಾಗ ಹೇಳುವದುಂಟು.

ಈ ಬುರುಗುನೀರಿನ ಹುಟ್ಟು ಔಷಧದ ಮನೆಯಲ್ಲಿ ಆಯಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. 1767ರಲ್ಲಿ ಇಂಗ್ಲಂಡದ ಲೀಡ್ಸ್ ಪಟ್ಟಣದ ಪಾದ್ರಿಯಾದ ಜೋಸೆಫ್ ಪ್ರೀಸ್ಟ್ಲಿಯು ನೆರೆಯ ಮದ್ಯದ ಕಾರಖಾನೆಯಲ್ಲಿ ಹುದುಗುತ್ತಿದ್ದ ತೊಟ್ಟಿಗಳ ಮೇಲೆ ನೀರಿನ ಪಾತ್ರೆಯನ್ನು ಹಿಡಿದು, ಆ ನೀರಿಗೆ ಹಿತವಾದ ಚುರುಕು ಬರುವದನ್ನು ಕಂಡನು. ನಾವಿಕರ ರೋಗಕ್ಕೆ ಅದು ಮದ್ದಾದೀತೆಂದು ಆತನ ನಂಬಿಗೆ. 1886ರಲ್ಲಿ ಅಮೇರಿಕೆಯ ಅಟ್ಲಾಂಟಾದಲ್ಲಿ ಕೋಕಾ-ಕೋಲಾವನ್ನು ಕೂಡಿಸಿದ ಪೆಂಬರ್ಟನ್ನನೂ ಔಷಧಿ ಮಾರುವವನೇ. ಮದ್ದು ವಿನೋದವಾಯಿತು, ವಿನೋದವು ವ್ಯಸನವಾಯಿತು. ಈಗ ಅದಕ್ಕೇ ಮದ್ದು ಹುಡುಕುವ ಕಾಲ.

ಪಾನೀಯಗಳ ಕೊರತೆಯೂ ಹೊಸದಲ್ಲ. 1977ರಲ್ಲಿ ಜನತಾ ಸರಕಾರದ ಕೈಗಾರಿಕಾ ಮಂತ್ರಿಗಳಾಗಿದ್ದ, ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ಕಾಲದಲ್ಲಿ, ಪಾಲುಬಂಡವಾಳದ ಕಾಯಿದೆಗೆ ಒಪ್ಪದೆ ಕೋಕಾ-ಕೋಲಾ ಕಂಪನಿಯು ದೇಶವನ್ನು ಬಿಟ್ಟಿತು. ಅದರ ಜಾಗಕ್ಕೆ ಸರಕಾರವು ‘77’ ಎಂಬ ಪಾನೀಯವನ್ನು ತಂದಿತು. ಅದರ ಪಾಕವನ್ನು ರೂಪಿಸಿದವರು ಮೈಸೂರಿನ ಆಹಾರ ಸಂಶೋಧನಾಲಯದವರು. ಆಗ ನಾನು ಏಳನೆಯ ಇಯತ್ತೆಯ ಹುಡುಗ. ಕೋಲಾ ಹೋಯಿತೆಂದು ನಮ್ಮ ಓಣಿಯಲ್ಲಿ ಯಾರೂ ಅತ್ತದ್ದನ್ನು ನಾನು ಕಾಣೆ. ಗೋಲಿ ಸೋಡಾ ಇತ್ತು, ಮಜ್ಜಿಗೆ ಇತ್ತು, ಗಡಿಗೆಯ ನೀರಿತ್ತು. 1993ರಲ್ಲಿ ಕಂಪನಿಯು ಮರಳಿತು. 2018ರ ಬೇಸಿಗೆಯಲ್ಲಿಯಾದರೋ ಯುರೋಪ ಖಂಡದ ರಸಗೊಬ್ಬರದ ಕಾರಖಾನೆಗಳು ದುರಸ್ತಿಗೆಂದು ಒಮ್ಮೆಲೇ ನಿಂತು, ಅವುಗಳ ಉಪವಸ್ತುವಾದ ಇಂಗಾಲದ ಅನಿಲವು ದೊರೆಯದೆ, ಕಾಲ್ಚೆಂಡಿನ ವಿಶ್ವಕಪ್ಪಿನ ದಿನಗಳಲ್ಲಿಯೇ ಬ್ರಿಟನ್ನಿನ ಸಗಟು ಅಂಗಡಿಗಳು ಪಾನೀಯಗಳನ್ನು ಎಣಿಸಿ ಕೊಡಬೇಕಾಯಿತು. ಹೊಲಕ್ಕೆ ಹಾಕುವ ಗೊಬ್ಬರಕ್ಕೂ ಸೋಡಾದ ಗುಳ್ಳೆಗೂ ಇಂಥ ನಂಟುಂಟೆಂದು ಯಾರು ಬಲ್ಲರು!

ಇದೆಲ್ಲವನ್ನು ಬರೆಯಲು ಕಾರಣವಾದದ್ದು ಕಳೆದ ಬೇಸಿಗೆಯ ಸೂಟಿಯಲ್ಲಿ ನಮ್ಮ ಮನೆಯವರು ಕೈಕೊಂಡ ಒಂದು ದಿನದ ಪ್ರಯಾಣ. ಊರ ಹೊರಗೆ ಹೆದ್ದಾರಿಯ ಮಗ್ಗುಲಿಗೆ ಒಂದು ವಿನೋದೋದ್ಯಾನವಿದೆ. ಅದರ ಹೆಸರು ಇಲ್ಲಿ ಬೇಡ. ಮೊಮ್ಮಕ್ಕಳ ಹಟಕ್ಕೆ ಸೊಸೆಯೂ ನಾನೂ ನನ್ನ ತಮ್ಮನೂ ಹೊರಟೆವು. ತಮ್ಮನು ರೇಲ್ವೆ ಕಾರಖಾನೆಯಿಂದ ನಿವೃತ್ತನಾದವನು; ಹನ್ನೆರಡು ವರ್ಷದಿಂದ ಮಧುಮೇಹಿ, ನಿತ್ಯವೂ ಇನ್‌ಸುಲಿನ್ ಚುಚ್ಚಿಕೊಳ್ಳುವವನು. ದ್ವಾರದಲ್ಲಿಯೇ ಕಾವಲುಗಾರನು ಹೊರಗಿನ ತಿಂಡಿ-ನೀರಿಗೆ ಒಳಗೆ ಅಪ್ಪಣೆಯಿಲ್ಲವೆಂದು ನಮ್ಮ ಬುತ್ತಿಯನ್ನೂ ನೀರಿನ ಬಾಟಲಿಗಳನ್ನೂ ಇಳಿಸಿಕೊಂಡನು. ಒಳಗೆ ಯಾವದಕ್ಕೂ ಕೊರತೆಯಿರದೆಂದು ಆತನ ಭರವಸೆ.

ಮಧ್ಯಾಹ್ನ ಎರಡು ಗಂಟೆಗೆ ಆ ಭರವಸೆಯ ಬೆಲೆ ತಿಳಿಯಿತು. ಅಂದು ರವಿವಾರ, ಜನಸಮೂಹವು ಜಾತ್ರೆಯಂತೆ. ಊಟದ ಸಾಲು ಮುಂದಕ್ಕೆ ಸರಿಯಲೊಲ್ಲದು. ತಮ್ಮನು ನನ್ನ ತೋಳು ಹಿಡಿದು, “ಅಣ್ಣಾ, ಕೈ ನಡುಗಾಕತ್ತಾವು. ಏನರೆ ಸಿಹಿ ಬೇಕು” ಎಂದನು. ಹಣೆಯ ಮೇಲೆ ತಣ್ಣನೆಯ ಬೆವರು. ಪಾನೀಯದ ಅಂಗಡಿಗೆ ಓಡಿದೆನು. “ಎಲ್ಲಾ ಖಾಲಿ ಆಗೇತ್ರಿ ಅಜ್ಜಾರ, ಗಾಡಿ ಸಂಜೀಗೆ ಬರತೈತಿ” ಎಂದನು ಹುಡುಗ. ನೀರೋ? ಅದರ ಬಾಟಲಿಗಳೂ ಮುಗಿದಿದ್ದವು. “ಡೈಯೆಟ್ ಕೋಲಾ ಎರಡು ಅದಾವು, ಕೊಡ್ಲೇನ್ರಿ?” ಸೊಸೆಯು, ಸಕ್ಕರೆಯಿಲ್ಲದ್ದಾದರೆ ಕಾಕಾ ಅವರಿಗೆ ಒಳ್ಳೆಯದೇ ಎಂದು ಕೈ ಚಾಚಿದಳು, ತಮ್ಮನು ಬೇಡವೆಂದು ತಲೆಯಾಡಿಸಿದನು. ಆ ಹೊತ್ತಿಗೆ ಆತನಿಗೆ ಬೇಕಾದದ್ದು ಸಕ್ಕರೆಯೇ. ನಮ್ಮೆದುರಿಗೆ ಎತ್ತರದ ಜಾರುಬಂಡೆಗಳ ಮೇಲೆ ಕೊಡಗಟ್ಟಲೆ ನೀರು ಭೋರೆಂದು ಇಳಿಯುತ್ತಿತ್ತು. ಕುಡಿಯಲು ಒಂದು ತಂಬಿಗೆಯಿಲ್ಲ.

ಹುಲ್ಲುಹಾಸಿನಲ್ಲಿ ಕಳೆ ಕೀಳುತ್ತಿದ್ದ ಒಬ್ಬ ಹೆಣ್ಣುಮಗಳು ನಮ್ಮ ಗಾಬರಿಯನ್ನು ನೋಡಿದಳು. ಉಡಿಯಿಂದ ಬೆಲ್ಲದ ಹೆಂಟೆಯೊಂದನ್ನು ತೆಗೆದು, ಗಿಡದ ನೆರಳಿನಲ್ಲಿಟ್ಟಿದ್ದ ತನ್ನ ತತ್ರಾಣಿಯನ್ನು ತಂದು, “ತಗೋರಿ ಯಪ್ಪಾ, ಬೆಲ್ಲಾ ತಿಂದು ನೀರ ಕುಡೀರಿ” ಎಂದಳು. ನಮ್ಮ ನಾಡಿನಲ್ಲಿ ಬಿಸಿಲಲ್ಲಿ ಬಂದ ಅತಿಥಿಗೆ ಮೊದಲು ಕೊಡುವದೇ ಬೆಲ್ಲ-ನೀರು. ಕಾಲು ಗಂಟೆಯಲ್ಲಿ ತಮ್ಮನ ಕೈ ನಿಂತಿತು. ಹಣವನ್ನು ಆಕೆ ಮುಟ್ಟಲಿಲ್ಲ. ಮೊಮ್ಮಗಳ ಕೈಯಲ್ಲಿ ಕೊಡಿಸಿದರೂ ಮುಟ್ಟಲಿಲ್ಲ.

ಮನೆಯಲ್ಲಿ ಮಧುಮೇಹಿಗಳಿರುವ ಗೃಹಿಣಿಯರಿಗಾಗಿ ಇಷ್ಟು ಬಿಡಿಸಿ ಹೇಳುವೆನು. ಇನ್‌ಸುಲಿನ್ ಚುಚ್ಚಿಕೊಂಡು ಊಟ ತಡವಾದರೆ ರಕ್ತದಲ್ಲಿಯ ಸಕ್ಕರೆಯು ಅಪಾಯವಾಗುವಷ್ಟು ಇಳಿಯಬಲ್ಲದು. ಆಗ ಸುಮಾರು 15 ಗ್ರಾಂ ಸಕ್ಕರೆಯನ್ನು, ಎಂದರೆ ಮೂರು-ನಾಲ್ಕು ಚಿಕ್ಕ ಚಮಚೆಗಳಷ್ಟನ್ನು, ಕೂಡಲೇ ಕೊಡಬೇಕು. 15 ನಿಮಿಷಕ್ಕೆ ಚೇತರಿಸದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕದೆ ವೈದ್ಯರ ಬಳಿಗೆ ಒಯ್ಯಬೇಕು. ನಿತ್ಯದ ಬಾಳಿನಲ್ಲಿ ಆತನಿಗೆ ವರ್ಜ್ಯವಾದ ಸಿಹಿಪಾನೀಯವೇ ಆ ಕ್ಷಣಕ್ಕೆ ಪಥ್ಯ. ‘ಡೈಯೆಟ್’ ಎಂಬ ಹೆಸರಿನದರಿಂದ ಆಗ ಏನೂ ಆಗದು.

ಮರಳಿ ಬರುವಾಗ ಗಾಡಿಯಲ್ಲಿ ಇದೇ ಮಾತು. ಸೊಸೆಗೆ ಚಿಂತೆ ಬೇರೆ. ಹನ್ನೊಂದು ವರ್ಷದ ಮೊಮ್ಮಗನು ಶಾಲೆಯಿಂದ ಬರುತ್ತ ದಿನಕ್ಕೊಂದು ಬಾಟಲಿ ಕುಡಿಯುವನೆಂದು ಆಕೆಗೆ ಈಚೆಗೆ ಗೊತ್ತಾಗಿತ್ತು. ಓಣಿಯಲ್ಲಿ ಹಬ್ಬಿದ ಮಾತುಗಳಿಂದ ಆಕೆ ಹೆದರಿದ್ದಳು: ಹಲ್ಲನ್ನು ರಾತ್ರಿ ಕೋಲಾದಲ್ಲಿ ನೆನೆಯಿಟ್ಟರೆ ಬೆಳಿಗ್ಗೆ ಕರಗಿ ಹೋಗಿರುವದಂತೆ, ಗುಳ್ಳೆಗಳು ಎಲುಬನ್ನು ತಿನ್ನುವವಂತೆ. ಒಂದು ರಾತ್ರಿಯಲ್ಲಿ ಹಲ್ಲು ಮಾಯವಾಗದು. ಬರಿಯ ಸೋಡಾದ ಗುಳ್ಳೆಯು ನಿರಪರಾಧಿ; ಹೊಟ್ಟೆಯುಬ್ಬರದವರಿಗೆ ಒಂದು ತೇಗು ಹೆಚ್ಚು ಬಂದೀತು, ಅಷ್ಟೆ. ಹೆದರಬೇಕಾದದ್ದು ಸಕ್ಕರೆಗೆ. 300 ಮಿಲಿಲೀಟರು ಕೋಲಾದಲ್ಲಿ ಸುಮಾರು 32 ಗ್ರಾಂ ಸಕ್ಕರೆಯಿರುವದು. ಚಿಕ್ಕ ಚಮಚೆಯಿಂದ ಎಂಟು. ಬೆರೆಸಿದ ಸಕ್ಕರೆಯು ದಿನಕ್ಕೆ ಸುಮಾರು 25 ಗ್ರಾಮಿಗಿಂತ ಕಡಿಮೆಯಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿದೆ, ಅದೂ ದೊಡ್ಡವರಿಗೆ. ಸೊಸೆಯ ಎದುರಿಗೆ ಎಂಟು ಚಮಚೆಗಳನ್ನು ಬಟ್ಟಲಿಗೆ ಅಳೆದು ತೋರಿಸಿದಾಗ ಮೊಮ್ಮಗನೇ ಮೊದಲು ಮುಖ ಕಿವುಚಿದನು.

ಹಲ್ಲಿನ ಮಾತಿನಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಕೋಲಾದ ಹುಳಿಯು ಲಿಂಬೆಯ ರಸದ ಹುಳಿಗೆ ಹತ್ತಿರದ್ದು. ಗುಟುಕು ಗುಟುಕಾಗಿ ತಾಸುಗಟ್ಟಲೆ ಕುಡಿಯುವವರ ಹಲ್ಲಿನ ಹೊಳಪು ಮೆಲ್ಲಗೆ ಸವೆಯುವದು. ಇನ್ನು 2003ರ ಆಗಸ್ಟಿನಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಹನ್ನೆರಡು ಬಗೆಯ ಪಾನೀಯಗಳಲ್ಲಿ ಕೀಟನಾಶಕಗಳ ಅಂಶವನ್ನು ಕಂಡಿತು. ಸಂಸತ್ತಿನ ಸಮಿತಿಯೂ 2004ರಲ್ಲಿ ಅದನ್ನು ಒಪ್ಪಿತು. ಗೋಲಿ ಸೋಡಾದ ಪಕ್ಷಪಾತಿಗಳಾದ ನಾವೂ ಹಿಗ್ಗಬೇಕಾಗಿಲ್ಲ: ಸಿಹಿ ಲಿಂಬು ಸೋಡಾದಲ್ಲಿ ಸಕ್ಕರೆಯು ಸಕ್ಕರೆಯೇ, ಮಸಾಲೆ ಸೋಡಾದ ಉಪ್ಪು ರಕ್ತದೊತ್ತಡದವರಿಗೆ ವರ್ಜ್ಯ, ಕಬ್ಬಿನ ಹಾಲಂತೂ ಕೋಲಾಕ್ಕಿಂತ ಸಿಹಿ. ಸೋಡಾಕ್ಕೆ ತುಂಬಿದ ನೀರು, ಅದಕ್ಕೆ ಹಾಕಿದ ಬರ್ಫ ಎಲ್ಲಿಯದೆಂದು ಕೇಳುವದು ಎಲ್ಲಕ್ಕೂ ಮೊದಲು.

ಆದರೆ ಆ ಉದ್ಯಾನದಲ್ಲಿ ಪಾನೀಯ ಮುಗಿದದ್ದಕ್ಕೆ ನನಗೆ ಸಿಟ್ಟಿಲ್ಲ. ಗಾಡಿ ತಡವಾದೀತು, ಗಿರಾಕಿ ಹೆಚ್ಚಾದೀತು. ನೀರಿಲ್ಲದ್ದಕ್ಕೆ ಸಿಟ್ಟು. ಸಂಸ್ಕೃತದಲ್ಲಿ ಉದ್ಯಾನಕ್ಕೆ ‘ಆರಾಮ’ ಎಂಬ ಹೆಸರೂ ಉಂಟು. (ನಾವು ಹುಬ್ಬಳ್ಳಿಯವರು “ಆರಾಮ ಅದೀರೇನ್ರಿ?” ಎಂದು ಕೇಳುವ ಆರಾಮವು ಪಾರಸಿಯದು, ಕೂಡಿ ಬಂದ ಅರ್ಥವು ಮಾತ್ರ ಸೊಗಸು.) ಧರ್ಮಶಾಸ್ತ್ರಕಾರರು ‘ಪೂರ್ತ’ವೆಂದು ಕರೆದ ಲೋಕೋಪಕಾರದ ಕೆಲಸಗಳಲ್ಲಿ ಬಾವಿ, ಕೆರೆ, ಆರಾಮಗಳನ್ನು ಒಂದೇ ಸಾಲಿನಲ್ಲಿ ಎಣಿಸಿದ್ದಾರೆ. ದಾರಿಹೋಕರಿಗೆ ನೀರು ಕೊಡುವ ಮಂಟಪಕ್ಕೆ ಅವರ ಭಾಷೆಯಲ್ಲಿ ‘ಪ್ರಪೆ’. ನಮ್ಮ ಶಾಸನಗಳಲ್ಲಿ ಅದೇ ಅರವಟ್ಟಿಗೆ. ‘ಅರ’ವೆಂದರೆ ಧರ್ಮ. ಧರ್ಮವೆಂದು ಕೊಡುತ್ತಿದ್ದ ನೀರಿಗೆ ಬಾಟಲಿಯೂ ಬೆಲೆಯೂ ಬಂದ ಮೇಲೆ, ಬಾಟಲಿ ಮುಗಿದೊಡನೆ ನೀರೂ ಮುಗಿಯಿತೆಂದೇ ಜನರು ನಂಬತೊಡಗಿದ್ದಾರೆ. ಹೆಚ್ಚಿನ ವಿಷಾದವೆಂದರೆ, ಮಕ್ಕಳೂ ಹಾಗೆ ನಂಬಿದ್ದಾರೆ.

ನಮ್ಮ ಊರಿಗೆ ನೀರಿನ ಬೆಲೆ ಗೊತ್ತಿಲ್ಲವೆನ್ನುವಂತಿಲ್ಲ. ಸವದತ್ತಿಯ ಹತ್ತಿರದ ಮಲಪ್ರಭೆಯ ರೇಣುಕಾಸಾಗರದಿಂದಲೂ ಕಲಘಟಗಿಯ ಕಡೆಯ ನೀರಸಾಗರದಿಂದಲೂ ನಮಗೆ ನೀರು ಬರಬೇಕು. ಬರಗಾಲದಲ್ಲಿ ನೀರಸಾಗರವು ತಳ ಕಂಡ ವರ್ಷಗಳೂ ಇವೆ. ನಲ್ಲಿಗೆ ನೀರು ಬರುವ ದಿನವನ್ನು ಹಬ್ಬದಂತೆ ಎಣಿಸಿಕೊಂಡು, ಕೊಡ-ಹರವಿ-ಹಂಡೆಗಳನ್ನು ಸಾಲಿಟ್ಟ ಮನೆಗಳು ನಮ್ಮವು. ಅಂಥ ಊರಿನ ಜನರೇ ಚೀಟಿ ಕೊಂಡು ಆ ಜಾರುಬಂಡೆಗಳ ನೀರಿನಲ್ಲಿ ಜಾರಿ ಬಂದೆವು.

ಉದ್ಯಾನದ ವ್ಯವಸ್ಥಾಪಕರಿಗೆ ನಾನು ಒಂದು ಪತ್ರ ಬರೆದೆನು: ಬುತ್ತಿಯನ್ನು ತಡೆಯುವದಾದರೆ ತಡೆಯಿರಿ, ನೀರನ್ನೂ ರೋಗಿಗಳ ಸಿಹಿಯನ್ನೂ ತಡೆಯಬೇಡಿರಿ, ನೆರಳಿರುವ ಎರಡು ಕಡೆಗೆ ಕುಡಿಯುವ ನೀರಿನ ನಲ್ಲಿ ಹಾಕಿಸಿರಿ. ಉತ್ತರವು ಇನ್ನೂ ಬಂದಿಲ್ಲ. ಮೊಮ್ಮಗನ ಬಾಟಲಿಯು ವಾರಕ್ಕೊಂದಕ್ಕೆ ಇಳಿದಿದೆ. ಪೂರ್ಣ ಬಿಡಿಸುವ ಹಟವನ್ನು ಸೊಸೆಯು ಹಿಡಿಯಲಿಲ್ಲ, ಅದು ಜಾಣತನವೆಂದೇ ನನ್ನ ಮತ. ತಮ್ಮನು ಈಗ ಮನೆ ಬಿಟ್ಟು ಎಲ್ಲಿಗೆ ಹೋದರೂ ಅಂಗಿಯ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಬೆಲ್ಲದ ಹೆಂಟೆಯನ್ನು ಇಟ್ಟುಕೊಂಡಿರುವನು. ಮನೆಯ ಇರುವೆಗಳಿಗೆ ಆ ಜೇಬಿನ ಗುರುತು ಹತ್ತಿ, ರಾತ್ರಿ ಗೂಟಕ್ಕೆ ತೂಗುಹಾಕಿದ ಅಂಗಿಯತ್ತ ಗೋಡೆಯ ಮೇಲೆ ಸಾಲು ಹಿಡಿಯುವವು. ಆತನು ಬೆಳಿಗ್ಗೆ ಎದ್ದು, ಬೈಯುತ್ತ, ಅಂಗಿ ಝಾಡಿಸಿ, ಹೊಸ ಹೆಂಟೆಯನ್ನು ಸುತ್ತಿಕೊಳ್ಳುವನು.