ನೀರಿಗಿಂತ ಮೊದಲು ದೋಣಿ

2013ರ ಮಳೆಗಾಲ. ಸುರಪುರ ತಾಲ್ಲೂಕಿನ ನಡುಗಡ್ಡೆ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆ ಕಟ್ಟಿಕೊಂಡು ಉಕ್ಕುವ ಕೃಷ್ಣೆಯನ್ನು ಈಜಿ ದಾಟಿದರು. ಎಲ್ಲರೂ ಸಾಹಸವೆಂದು ಹೊಗಳಿದರು. ನೆನೆದರೆ ನನಗೆ ಇಂದಿಗೂ ಸಂಕಟವೇ.

2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ 6 ಲಕ್ಷ ಕ್ಯುಸೆಕ್‌ ಮೀರಿ ನೀರು ಬಿಟ್ಟಾಗ ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆಯೂ ಮುಳುಗಿತು. ಇಂಥ ನೆರೆಯಲ್ಲಿ ನೆರವಿಗೆ ಸೇನೆ ಬರುವುದು ಆಡಳಿತ ಕೇಳಿದ ಮೇಲೆ. ದೋಣಿ, ಇಂಧನ, ಔಷಧ ಹೊತ್ತು, ದೂರದ ನೆಲೆಯಿಂದ. ರಸ್ತೆಯೇ ಮುಳುಗಿದ್ದರೆ ಸೇನೆಯ ಲಾರಿಗಳು ಎತ್ತ ಹೋಗಬೇಕು?

ಮಹಾರಾಷ್ಟ್ರದ ಘಟ್ಟದ ಮಳೆನೀರು ಆಲಮಟ್ಟಿ ಅಣೆಕಟ್ಟು ದಾಟಿ ಇಲ್ಲಿಗೆ ಬರಲು ಹೊತ್ತು ಹಿಡಿಯುತ್ತದೆ. ಸೇನೆಯ ನೆರವು ಕೇಳುವ ಪತ್ರ ಅಷ್ಟರೊಳಗೇ ಹೋಗಲಿ. ಮೋಟಾರು ದೋಣಿಯೂ ಒಬ್ಬ ನರ್ಸೂ ದಡದಲ್ಲಿರಲಿ. ದಿನ ತುಂಬಿದ ಬಸುರಿಯರ ಪಟ್ಟಿಯಂತೂ ಆಶಾ ಕಾರ್ಯಕರ್ತೆಯ ಬಳಿ ಇದ್ದೇ ಇರುತ್ತದೆ.