ಬೆನ್ನ ಹಿಂದಿನ ದೀಪ

ಹೊಸ ಅಡುಗೆಮನೆಗಾಗಿ ರಾಯರು ಮೂರು ದಿನ ಅಂಗಡಿಗಳನ್ನು ಅಲೆದು ಹಿತ್ತಾಳೆಯ ಹಿಡಿಗಳನ್ನೂ ಸದ್ದಿಲ್ಲದೆ ಮುಚ್ಚುವ ಕೀಲುಗಳನ್ನೂ ಆರಿಸಿದರು. ದೀಪದ ಬಗೆಗೆ ಮಾತ್ರ ಹೆಚ್ಚು ಯೋಚಿಸಲಿಲ್ಲ. ಚಾವಣಿಯ ನಡುವೆ ಅಂದವಾದ ತೂಗುದೀಪವೊಂದು ಸಾಕೆನಿಸಿತು. ಗೃಹಪ್ರವೇಶಕ್ಕೆ ಬಂದವರೆಲ್ಲರೂ ಅದನ್ನೇ ಮೆಚ್ಚಿದರು.

ವಾರ ಕಳೆಯುವುದರೊಳಗೆ, ಎಪ್ಪತ್ತು ದಾಟಿದ ತಾಯಿ ಹುರುಳಿಕಾಯಿ ಹೆಚ್ಚುತ್ತ ಬೆರಳು ಕುಯ್ದುಕೊಂಡರು. “ಕಣ್ಣು ಮಂಜಾಯಿತಪ್ಪಾ” ಎಂದು ತಮ್ಮನ್ನೇ ದೂರಿಕೊಂಡರು. ರಾಯರು ಆಕೆ ನಿಂತಿದ್ದೆಡೆಯಲ್ಲಿ ತಾವೂ ನಿಂತು ನೋಡಿದರು. ದೀಪ ಬೆನ್ನ ಹಿಂದೆ. ಹೆಚ್ಚುವ ಮಣೆಯ ಮೇಲೆ ತಮ್ಮದೇ ನೆರಳು!

ಈ ನೆರಳಿನ ತೊಡಕು ಹೊಸದಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗೆ ಅಡುಗೆಮನೆಯನ್ನು ರೂಪಿಸಿದ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿಯವರು, ಚಾವಣಿಯ ಕಂಬಿಯಗುಂಟ ಬೇಕಾದೆಡೆಗೆ ಸರಿಸಬಹುದಾದ ದೀಪವನ್ನು ಇರಿಸಿದ್ದರು. ಅಡುಗೆಮನೆಯ ಬೆಳಕು ಕೋಣೆಯ ಅಲಂಕಾರಕ್ಕಿಂತ ಮೊದಲು ದುಡಿಯುವ ಕೈಗೆ ಸಲ್ಲಬೇಕು.

ಮರುದಿನ ಗೋಡೆಬೀರುವಿನ ಅಡಿಯಲ್ಲಿ, ಮುಂದಿನ ಅಂಚಿಗೆ, ಒಂದು ಪಟ್ಟಿದೀಪ ಬಂದಿತು. ನಾಲ್ಕು ಹಿತ್ತಾಳೆಯ ಹಿಡಿಗಳ ಬೆಲೆಯೂ ಅದಕ್ಕಾಗಲಿಲ್ಲ.

ಅಂದು ಸಂಜೆ ಅಕ್ಕಿ ಆರಿಸುತ್ತ ತಾಯಿ ನಕ್ಕರು: “ಕಲ್ಲು ಕಾಣಿಸ್ತಿದೆ ಕಣಪ್ಪಾ. ನನ್ನ ಕಣ್ಣು ಇನ್ನೂ ಅಷ್ಟೇನೂ ಕೆಟ್ಟಿಲ್ಲ.”